ನೀಲಕಂಠನ ಗಾಡಿಯ ಗೊಂಡೆ

"ಅಕ್ಕಾ, ಮಾವ ಮತ್ತ ತಿಪ್ಪಿಗಿ ಇಳದಾನ ನೋಡು. ನಿನ್ನೇನೂ ಇದೇ ಹಾಡು, ಇವತ್ತೂ ಇದೇ ಹಾಡು. ನಾ ಹೇಳಿದ್ರ ಕೇಳವಲ್ಲ. ನೀನರ ಬಂದು ಕರಕೊಂಡು ಹೋಗು."

ಫೋನಿನಲ್ಲಿ ಅಯ್ಯಣ್ಣ, ಅನ್ನಮ್ಮನಿಗೆ ವರಸೆಯಲ್ಲಿ ತಮ್ಮ. ಸುರಪುರ ರಸ್ತೆಯ ಬದಿಯಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ಶೆಡ್ಡು ಅವನದು. ಅನ್ನಮ್ಮ ಕಾಲ್ಬೆರಳಿಗೆ ಸಿಕ್ಕಿಸಿ ಹೊಸೆಯುತ್ತಿದ್ದ ಹಳದಿ ಉಲ್ಲನ್ ದಾರವನ್ನು ಹಾಗೇ ಬಿಟ್ಟು, "ಏನ್ ಹುಡಕ್ತಾನಂತ? ತಿಪ್ಪ್ಯಾಗ ಅವರಪ್ಪ ಬಂಗಾರ ಹುಗದಿಟ್ಟಾನೇನು?" ಎಂದಳು.

"ಕೇಳಿದ್ರ 'ಒಂದು ಸಾಮಾನ' ಅಂತಾನ. ಯಾವ ಸಾಮಾನಪಾ ಅಂದ್ರ ಬಾಯಿ ಬಿಡವಲ್ಲ. ಮೊಣಕಾಲ ತನಕ ಕಸದಾಗ ನಿಂತಾನ. ದಾರ್ಯಾಗ ಹೋಗೋ ಮಂದಿ ನಿಂತು ನೋಡಾಕತ್ತಾರ. ಸಾವ್ಕಾರನೂ ಫೋನ್ ಮಾಡಿದ್ದ ಅಕ್ಕಾ. ಇವತ್ತ ಹೊತ್ತು ಮುಣಗೂದ್ರಾಗ ಗಾಡಿ ರೈಸ್ ಮಿಲ್ಲಿಗಿ ಹಚ್ಚಲಿಲ್ಲಂದ್ರ ಸ್ಟೇರಿಂಗ್ ಬ್ಯಾರೇದವ್ನಿಗಿ ಕೊಡ್ತೀನಿ ಅಂದಾನ."

ಅನ್ನಮ್ಮ ಫೋನು ಇಟ್ಟಳು. ಅವಳ ಗಂಡ ನೀಲಕಂಠ ಅಂಥ ಮನುಷ್ಯನಲ್ಲ. ಜ್ವರ ಇರಲಿ, ಹಬ್ಬ ಇರಲಿ, ಲೋಡು ಬಂತೆಂದರೆ ತಾಟಿನಲ್ಲಿ ರೊಟ್ಟಿ ಬಿಟ್ಟು ಏಳುವ ಪ್ರಾಣಿ. ಕ್ಲೀನರ್ ಆಗಿ ಲಾರಿ ಹತ್ತಿದವನು ಆ ಒಂದೇ ಸಾವ್ಕಾರನ ಮನೆತನದ ಗಾಡಿಗಳನ್ನು ಒಂದಾದ ಮೇಲೊಂದು ಓಡಿಸುತ್ತ ತಲೆ ನೆರೆಸಿಕೊಂಡಿದ್ದ. ಈಗ ನೋಡಿದರೆ ಗಾಡಿಗೆ ಹೊಸ ಬಣ್ಣ ಬಿದ್ದು, ಕಾಗದಪತ್ರ ಎಲ್ಲ ಆಗಿ, ಅಕ್ಕಿಯ ಲೋಡು ಕಾಯುತ್ತಿರುವಾಗ ಮೊದಲ ದಿನ ಬ್ರೇಕ್ ಸರಿಯಿಲ್ಲ ಅಂದ, ಮರುದಿನ ಬ್ಯಾಟರಿ ಇಳಿದಿದೆ ಅಂದ, ಆಮೇಲೆ ಏನೂ ಅನ್ನದೆ ಸುಮ್ಮನಾಗಿಬಿಟ್ಟ. ಈ ವಯಸ್ಸಿನಲ್ಲಿ ಕೈಬಿಟ್ಟ ಸ್ಟೇರಿಂಗನ್ನು ಮತ್ತೆ ಯಾರು ಕೊಡುತ್ತಾರೆ? ಗಾಡಿ ಇಲ್ಲದ ನೀಲಕಂಠ ಹೇಗಿರುತ್ತಾನೆಂದು ಅವಳಿಗೆ ಊಹಿಸಲೂ ಆಗಲಿಲ್ಲ.

ಅವಳ ಸಿಟ್ಟಿಗೆ ಇನ್ನೊಂದು ಕಾರಣ ಗೋಡೆಯ ಮೊಳೆಗೆ ತೂಗುತ್ತಿತ್ತು. ಹೊಸ ಗೊಂಡೆ. ಅನ್ನಮ್ಮನ ಕಸುಬೇ ಗೊಂಡೆ ಕಟ್ಟುವುದು. ಅವಳ ತವರಿನವರು ಎತ್ತಿನ ಕೊರಳಿಗೆ, ಕೋಡಿಗೆ ಕಟ್ಟುತ್ತಿದ್ದರು. ಎತ್ತು ಕಡಿಮೆಯಾಗಿ ಲಾರಿ ಹೆಚ್ಚಾದ ಮೇಲೆ ಅದೇ ಗೊಂಡೆ ಲಾರಿಯ ಬಂಪರಿಗೆ ಬಂತು, ಅಷ್ಟೇ. ಅಯ್ಯಣ್ಣನ ಶೆಡ್ಡಿಗೆ ಬರುವ ಡ್ರೈವರುಗಳು ಕಾರ ಹುಣ್ಣಿಮೆಗೆ ಎತ್ತಿನ ಮೈ ತೊಳೆದ ಹಾಗೇ ಗಾಡಿಯ ಮೈ ತೊಳೆದು ಅವಳ ಹತ್ತಿರ ಗೊಂಡೆ ಒಯ್ಯುತ್ತಾರೆ. ಅವರಿಗೆಲ್ಲ ಬರೀ ಉಲ್ಲನ್ನಿನದು. ಗಂಡನ ಗಾಡಿಯದು ಮಾತ್ರ ಬೇರೆ. ವರ್ಷವಿಡೀ ಬಾಚಿದಾಗ ಉದುರಿದ ತನ್ನ ಕೂದಲನ್ನು ಕೂಡಿಟ್ಟು, ಹೊಸೆದು, ಅದರ ಹೊಟ್ಟೆಯಲ್ಲಿ ಸೇರಿಸಿ ಕಟ್ಟುತ್ತಾಳೆ. ಮನೆಯ ಹೆಣ್ಣಿನ ಕೂದಲಿದ್ದ ಗಾಡಿಗೆ ದೃಷ್ಟಿ ತಾಗದು ಎಂದು ಅತ್ತೆ ಹೇಳಿಕೊಟ್ಟ ರಿವಾಜು. ಹಳೆಯದನ್ನು ಹರಿಯುವ ನೀರಿಗೆ ಬಿಡಬೇಕು. "ಬಿಟ್ರೇನು?" ಎಂದು ಅವಳು ಪ್ರತಿ ವರ್ಷ ಕೇಳುವಳು, "ಕೃಷ್ಣಾ ಹೊಳಿಗಿ ಬಿಟ್ಟೆ" ಎಂದು ಅವನು ಪ್ರತಿ ವರ್ಷ ಹೇಳುವನು. ಈ ಸಲ ಹುಣ್ಣಿಮೆ ಮುಗಿದು ಹೋದರೂ ಅವನು ಹೊಸ ಗೊಂಡೆಯನ್ನು ಮುಟ್ಟಿರಲಿಲ್ಲ. ಕೊಟ್ಟರೆ, "ಇರಲಿ ಇರು" ಎಂದು ಮುಖ ತಿರುಗಿಸಿದ್ದ.

ಪಕ್ಕದ ಮನೆಯ ಕಟ್ಟೆಯ ಮೇಲೆ ಠಣ್ ಎಂದು ಕೊಡ ಇಟ್ಟ ಸದ್ದಾಯಿತು. ಅನ್ನಮ್ಮ ಹಲ್ಲು ಕಚ್ಚಿದಳು. ಅಮೃತಮ್ಮ, ಅವಳ ನೆಗೆಣ್ಣಿ, ಭಾವನ ಹೆಂಡತಿ. ನಡುವೆ ಒಂದೇ ಗೋಡೆ, ಮಾತು ಮಾತ್ರ ಇಲ್ಲ.

ಈ ಜಗಳದ ಬೇರು ಹಳೆಯದು. ಅನ್ನಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ವಿಷಮಜ್ವರ ಬಂದು ಮಲಗಿದ್ದಳು. ಮೊಣಕಾಲು ಮುಟ್ಟುವ ಹೆರಳು ಅವಳದು. ಓಣಿಯ ಹೆಂಗಸರು ಅದನ್ನು ನೋಡಲೆಂದೇ ನೆಪ ಹೂಡಿ ಬರುತ್ತಿದ್ದ ಕಾಲ. ಜ್ವರದ ಬೆವರಿನಲ್ಲಿ ತಲೆ ತಣ್ಣಗಿರಲೆಂದು ಅತ್ತೆ ಕುತ್ತಿಗೆಯ ಹತ್ತಿರ ಕತ್ತರಿ ಹಾಕಿ, ಹೆರಳನ್ನು ಕೆಂಪು ಟೇಪಿನ ಸಮೇತ ಗೋಡೆಯ ಮಾಡದಲ್ಲಿಟ್ಟಳು. ಜ್ವರ ಇಳಿದು ಅನ್ನಮ್ಮ ಎದ್ದು ಕೂತಾಗ ಮಾಡ ಖಾಲಿ. ಅದೇ ವಾರ ಕೂದಲು ತಗೊಂಡು ಪಾತ್ರೆ ಕೊಡುವವನು ಓಣಿಗೆ ಬಂದು ಹೋಗಿದ್ದ. ಅದೇ ವಾರ ಅಮೃತಮ್ಮನ ಕಟ್ಟೆಯ ಮೇಲೆ ಹೊಸ ಸ್ಟೀಲಿನ ಕೊಡ ಥಳಥಳ ಹೊಳೆಯುತ್ತಿತ್ತು. ಇನ್ನೇನು ಸಾಕ್ಷಿ ಬೇಕು? ಅಮೃತಮ್ಮ ದೇವರ ಮುಂದೆ ಆಣೆ ಮಾಡಿದಳು, ಅತ್ತಳು, ಕೊನೆಗೆ ಬಾಯಿ ಮುಚ್ಚಿಕೊಂಡಳು. ಅಂಗಳದ ನಡುವೆ ಗೋಡೆ ಎದ್ದಿತು.

ಅದರ ಮೇಲೆ ಇನ್ನೊಂದು ಉರಿ. ನೀಲಕಂಠ ಓಣಿಯ ಬಾಯಿಗೆ ಲಾರಿ ತಂದು, ಬುತ್ತಿ ಇಸಿದುಕೊಂಡು ಲೋಡಿಗೆ ಹೊರಡುವ ಪ್ರತಿ ಸಲವೂ ಆ ಹೆಂಗಸು ಸರಿಯಾಗಿ ಅದೇ ಹೊತ್ತಿಗೆ ಆ ಕೊಡವನ್ನೇ ಟೊಂಕಕ್ಕಿಟ್ಟುಕೊಂಡು ಲಾರಿಯ ಮುಂದೆ ಹಾಯುವಳು. ಮನೆಮನೆಗೆ ನಳ ಬಂದ ಮೇಲೂ ಬಿಡಲಿಲ್ಲ. ನನ್ನ ಹೆರಳು ಮಾರಿ ತಂದ ಕೊಡ ನನಗೇ ತೋರಿಸಿ ಮೆರೆಯುತ್ತಾಳಲ್ಲ, ಇವಳ ಸೊಕ್ಕು ಎಷ್ಟಿರಬೇಡ ಎಂದು ಅನ್ನಮ್ಮ ಒಳಗೊಳಗೇ ಬೇಯುವಳು.

ಶೆಡ್ಡಿಗೆ ಹೋಗಲೆಂದು ಅವಳು ಚಪ್ಪಲಿಗೆ ಕಾಲು ತೂರಿಸುತ್ತಿರುವಾಗ ಬಾಗಿಲಲ್ಲಿ ಒಬ್ಬ ಹುಡುಗಿ ಬಂದು ನಿಂತಳು. ಬೆನ್ನಿಗೊಂದು ಚೀಲ, ಕೈಗೊಂದು ಚೀಲ, ಬಿಸಿಲಿಗೆ ಕೆಂಪಾದ ಮುಖ.

"ಗೊಂಡಿ ಕಟ್ಟೋ ಅನ್ನಮ್ಮಾರ ಮನಿ ಇದೇ ಏನ್ರಿ ಅಮ್ಮಾ? ನಾ ಮೌನಿಕಾ ಅಂತ್ರಿ. ಗುರುಮಠಕಲ್ಲಿನಾಕಿ, ಹೈದರಾಬಾದಿನಾಗ ಓದಾಕತ್ತೀನಿ. ಲಾರಿಗೋಳ ಮ್ಯಾಲೆ ಸಂಶೋಧನಾ ಮಾಡಾಕತ್ತೀನ್ರಿ."

"ಲಾರಿ ಮ್ಯಾಲೇನು? ಹತ್ತಿ ಕುಂತು ಮಾಡ್ತಿಯೇನು?"

ಮೌನಿಕಾ ನಕ್ಕಳು. ಲಾರಿಯ ಮೇಲೆ ಯಾವ ಚಿತ್ರ ಇದೆ, ಯಾರು ಬರೆದರು, ಡ್ರೈವರು ಏನು ತಿನ್ನುತ್ತಾನೆ, ಎಲ್ಲಿ ಮಲಗುತ್ತಾನೆ, ಯಾರನ್ನು ನೆನೆಯುತ್ತಾನೆ, ಇದೇ ಅವಳ ಓದು. ಕಡೇಚೂರಿನ ಫ್ಯಾಕ್ಟರಿಗಳ ಮುಂದೆ ಸಾಲುಗಟ್ಟಿದ ಲಾರಿಗಳಿಂದ ಹಿಡಿದು ಸುರಪುರದ ಪೇಂಟರುಗಳ ತನಕ ತಿಂಗಳಿಂದ ತಿರುಗುತ್ತಿದ್ದಾಳೆ. ಜಗತ್ತಿನಲ್ಲಿ ಒಬ್ಬೊಬ್ಬರು ಒಂದೊಂದರ ಬೆನ್ನು ಹತ್ತುತ್ತಾರೆ, ಈ ತಾಯಿ ಲಾರಿಯ ಬೆನ್ನು ಹತ್ತಿದ್ದಾಳೆ ಎಂದುಕೊಂಡಳು ಅನ್ನಮ್ಮ. ಬೇರೆ ದಿನವಾಗಿದ್ದರೆ ಕೂಡಿಸಿ ಚಹಾ ಕೊಟ್ಟು ಮಾತಾಡಿಸುತ್ತಿದ್ದಳು.

"ಇವತ್ತ ಪುರುಸೊತ್ತಿಲ್ಲವ್ವಾ. ನನ್ನ ಗಂಡ ತಿಪ್ಪ್ಯಾಗ ನಿಂತಾನ."

"ಒಂದೇ ಒಂದು ನೋಡಿ ಹೇಳ್ರಿ ಅಮ್ಮಾ, ಹೋಗೇಬಿಡ್ತೀನಿ. ಯಾವ ಗೊಂಡಿ ಯಾರು ಕಟ್ಟ್ಯಾರಂತ ನೀವು ಗಂಟು ನೋಡಿ ಹೇಳ್ತೀರಂತ. ಇಂಥಾದ್ದು ನಾ ಎಲ್ಲೂ ನೋಡಿಲ್ರಿ." ಹುಡುಗಿ ಕೈಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಒಂದು ವಸ್ತುವನ್ನು ತೆಗೆದು ಕಟ್ಟೆಯ ಮೇಲಿಟ್ಟಳು. ಅದಕ್ಕೊಂದು ನಂಬರಿನ ಚೀಟಿ ಕಟ್ಟಿತ್ತು.

ಧೂಳು, ಡೀಸೆಲ್ಲು, ಡಾಂಬರು ಮೆತ್ತಿ ಕರ್ರಗಾದ ದಪ್ಪನೆಯ ಗೊಂಡೆ. ಅನ್ನಮ್ಮ ಬಗ್ಗಿ ನೋಡಿದಳು. ಮಸಿಯ ಕೆಳಗೆ ಹಸಿರು ಉಲ್ಲನ್ನು. ಹಿಂದಿನ ವರ್ಷ ಅವಳೇ ಆರಿಸಿದ ಹಸಿರು. ತುದಿಯಲ್ಲಿ ಅವಳ ತವರಿನವರು ಮಾತ್ರ ಹಾಕುವ ಜೋಡುಗಂಟು.

"ಇದು ನಂದವ್ವಾ! ನನ್ನ ಗಂಡನ ಗಾಡೀದು. ನಿನಗ ಹ್ಯಾಂಗ ಸಿಕ್ತು?"

"ಅಯ್ಯಣ್ಣಾರ ಶೆಡ್ಡಿನಾಗ್ರಿ. ಬಣ್ಣ ಹೊಡಿಯೋ ಮುಂದ ಬಿಚ್ಚಿದ ಹಳೀ ಸಾಮಾನ ಒಂದು ಚೀಲ ಕೊಟ್ರು. ಹ್ಯಾಂಗೂ ಒಗಿಯೋದದ, ತಗೊಂಡು ಹೋಗವ್ವಾ ಅಂದ್ರು. ಉಳಿದದ್ದು ಹಿಂದಿನ ತಿಪ್ಪಿಗಿ ಹಾಕಿದ್ರು." ಹುಡುಗಿ ಗಾಬರಿಯಾದಳು. "ಯಾಕ್ರಿ, ತಪ್ಪಾತೇನ್ರಿ?"

ಅನ್ನಮ್ಮನಿಗೆ ಆಗ ಹೊಳೆಯಿತು. ಬಣ್ಣ ಹೊಡೆಯುವ ದಿನ ನೀಲಕಂಠ ಲೈಸೆನ್ಸಿಗಾಗಿ ಕಣ್ಣು ತೋರಿಸಲು ಕಲಬುರಗಿಗೆ ಹೋಗಿದ್ದ. ತಿರುಗಿ ಬಂದ ದಿನದಿಂದಲೇ ಅವನಿಗೆ ಈ ಹುಚ್ಚು ಹಿಡಿದದ್ದು. ಅವನು ಹುಡುಕುವ ಸಾಮಾನು ಇದೇ. ಆದರೆ ಹೊಳೆಗೆ ಬಿಡಬೇಕಾದ ಹಳೆಯ ಗೊಂಡೆಗಾಗಿ ಯಾರಾದರೂ ತಿಪ್ಪೆ ಕೆದರುತ್ತಾರೆಯೇ? ಹೊಸದು ಮೊಳೆಗೆ ತೂಗುತ್ತಿರಲಿಲ್ಲವೇ?

ಅವಳು ಅದನ್ನು ಎತ್ತಿಕೊಂಡಳು. ಎತ್ತಿದವಳೇ ಹುಬ್ಬು ಗಂಟಿಕ್ಕಿದಳು.

"ಇಷ್ಟು ಭಾರ ನಾ ಕಟ್ಟೇ ಇಲ್ಲ."

ಗೊಂಡೆಯ ಕುತ್ತಿಗೆಗೆ ಅವಳ ದಾರದ ಮೇಲೆ ತಂತಿ ಬಿಗಿದಿತ್ತು. ಅದು ಅವಳ ಕೆಲಸವಲ್ಲ. ಅನ್ನಮ್ಮ ಕಟ್ಟೆಯ ಮೇಲೆ ಕೂತು, ಚಪ್ಪಲಿ ಕಳಚಿ, ತಂತಿಯನ್ನು ಬಿಚ್ಚತೊಡಗಿದಳು. ಮೌನಿಕಾ ಎದುರು ಕುಕ್ಕರಗಾಲಿನಲ್ಲಿ ಕೂತಳು. ಹಸಿರು ಉಲ್ಲನ್ನು ಸಿಪ್ಪೆಯ ಹಾಗೆ ಬಿಚ್ಚಿಕೊಂಡಿತು. ಅದರ ಕೆಳಗೆ ಧೂಳಿಲ್ಲ, ಡೀಸೆಲ್ಲಿಲ್ಲ. ಕೂದಲು. ಬೆರಳು ದಪ್ಪದ ಒಂದು ಕುಚ್ಚು, ಹಸಿರು ಎಳೆಯಿಂದ ಕಟ್ಟಿದ್ದು, ಮುಕ್ಕಾಲು ಬಿಳಿ. ಹಿಂದಿನ ವರ್ಷದ ಅವಳ ಕೂದಲು.

ಅದರ ಪಕ್ಕ ಇನ್ನೊಂದು ಕುಚ್ಚು. ಕೇಸರಿ ಎಳೆ. ಅದರ ಹಿಂದಿನ ವರ್ಷ ಅವಳು ಕಟ್ಟಿದ್ದು ಕೇಸರಿ ಗೊಂಡೆ. ಇನ್ನೊಂದು, ನೀಲಿ ಎಳೆ. ಕೊರೋನಾ ಕಾಲದಲ್ಲಿ ಅಂಗಡಿ ಮುಚ್ಚಿ, ಹಳೆಯ ಸ್ವೆಟರು ಬಿಚ್ಚಿ ಕಟ್ಟಿದ ನೀಲಿ. ಅವಳು ಒಂದೊಂದೇ ತೆಗೆದು ಸೆರಗಿನ ಮೇಲೆ ಸಾಲಾಗಿ ಇಡುತ್ತ ಹೋದಳು. ಗುಲಾಬಿ. ಎರಡೆಳೆ ಹಳದಿ, ಆ ವರ್ಷ ಮಗಳ ಮದುವೆ, ತಲೆ ತುಂಬ ಹೂವು ಮುಡಿದಿದ್ದಳು. ಕೆಂಪು. ಮತ್ತೆ ಹಸಿರು. ಒಳಒಳಗೆ ಹೋದ ಹಾಗೆ ಬಿಳಿ ಕಡಿಮೆಯಾಯಿತು, ಬೂದಿ ಬಂತು, ಬೂದಿಯೊಳಗಿಂದ ಕಪ್ಪು ಬಂತು. ಸೆರಗಿನ ತುಂಬ ಅವಳ ವರ್ಷಗಳು ಹಿಂದುಮುಂದಾಗಿ ಮಲಗಿದ್ದವು.

"ಅಬಾಬಾ..." ಎಂದಳು ಅನ್ನಮ್ಮ. ಹೊಳೆಗೆ ಬಿಟ್ಟೆ, ಹೊಳೆಗೆ ಬಿಟ್ಟೆ ಎಂದು ಹೇಳುತ್ತ ಬಂದ ಆ ಮೂಕ ಮನುಷ್ಯ ಬರೀ ಉಲ್ಲನ್ನು ಬಿಟ್ಟು ಕೂದಲು ಇಟ್ಟುಕೊಂಡಿದ್ದ. ಯಾವ ವರ್ಷದ್ದು ಎಂದು ಮರೆಯಬಾರದೆಂದು ಅದೇ ವರ್ಷದ ಎಳೆ ಕಟ್ಟಿ ಇಟ್ಟಿದ್ದ.

ನಟ್ಟನಡುವೆ ಇನ್ನೂ ಒಂದು ಗಟ್ಟಿ ಸುರುಳಿ ಉಳಿದಿತ್ತು. ಸೀಟಿಗೆ ಹಾಕುವ ರೆಕ್ಸಿನ್ನಿನಲ್ಲಿ ಸುತ್ತಿ, ಲೋಡಿನ ಮೇಲೆ ಹೊದಿಸುವ ತಾಡಪತ್ರಿ ಹೊಲಿಯುವ ದಬ್ಬಣದಿಂದ ಹೊಲಿದದ್ದು. ಆ ಒರಟು ಹೊಲಿಗೆ ಯಾರದೆಂದು ಅವಳಿಗೆ ಗೊತ್ತು. ಮೌನಿಕಾ ಚೀಲದಿಂದ ಸಣ್ಣ ಕತ್ತರಿ ತೆಗೆದು ಕೊಟ್ಟಳು. ಹೊಲಿಗೆ ಕತ್ತರಿಸಿದಂತೆ ರೆಕ್ಸಿನ್ನು ಬಾಯಿ ತೆರೆಯಿತು. ಮೊದಲು ಕಂಡದ್ದು ಕೆಂಪು ಟೇಪು.

ಅನ್ನಮ್ಮನ ಕೈ ನಿಂತಿತು.

ಮೌನಿಕಾಳೇ ಮೆಲ್ಲಗೆ ಎಳೆದಳು. ಎಳೆದಷ್ಟೂ ಬಂತು. ಮಣಿಕಟ್ಟಿನಷ್ಟು ದಪ್ಪ, ಹಾವಿನ ಮೈಯ ನುಣುಪು, ಮೂರೆಳೆಯ ಹೆಣಿಗೆ ಒಂದೂ ಸಡಿಲಾಗದ ಹೆರಳು. ಅನ್ನಮ್ಮನ ತೊಡೆ ತುಂಬಿ, ಮೊಣಕಾಲು ದಾಟಿ, ಕಟ್ಟೆಯ ಕೆಳಗೆ ಇಳಿಯಿತು. ಇಷ್ಟು ವರ್ಷದ ಮೇಲೂ ಕೊಬ್ಬರಿ ಎಣ್ಣೆಯ ಹಳೆಯ ವಾಸನೆ ಬಂತು, ಅಥವಾ ಬಂದಂತೆ ಅವಳಿಗೆ ಅನ್ನಿಸಿತು.

"ಅಮ್ಮಾ, ಇದು ಯಾರದ್ರಿ?" ಹುಡುಗಿ ಪಿಸುಗುಟ್ಟಿದಳು.

"ನಂದಽ," ಎಂದಳು ಅನ್ನಮ್ಮ. ಕೈ ತಾನಾಗಿ ಹಿಂದಕ್ಕೆ ಹೋಗಿ ನಿಂಬೆಹಣ್ಣಿನಷ್ಟು ಉಳಿದಿದ್ದ ತುರುಬನ್ನು ಮುಟ್ಟಿ ನೋಡಿತು. "ಎಂಥಾ ಕೂದ್ಲ ಇತ್ತವ್ವಾ ನಂದು! ನೋಡು, ನೋಡಿಲ್ಲಿ. ನಾನೇ ಮರತಿದ್ದೆ." ಕಣ್ಣೀರು ಸುರಿಯುತ್ತಿತ್ತು, ಅವಳು ಒರೆಸಿಕೊಳ್ಳಲೂ ಇಲ್ಲ.

"ಕಾಕಾರು ಎಲ್ಲೆಲ್ಲಿ ಲೋಡಿಗಿ ಹೋಗ್ತಾರ್ರಿ?"

"ಎಲ್ಲಿ ಹೋಗಿಲ್ಲ ಕೇಳು. ಮುಂಬೈ, ಕೊಚ್ಚಿ, ಕಲಕತ್ತಾ. ಹಿಮ ಬೀಳೋ ಊರಿಗೂ ಒಮ್ಮೆ ಸೇಬಿನ ಲೋಡಿಗಿ ಹೋಗಿದ್ರು." ಯಾದಗಿರಿ, ಕಲಬುರಗಿ ಬಿಟ್ಟು ಆಚೆಗೆ ಅವಳು ಹೋದವಳಲ್ಲ. ಸಮುದ್ರ ಹೇಗಿರುತ್ತದೆಂದು ಟಿ.ವಿ.ಯಲ್ಲಿ ನೋಡಿದ್ದು. ಅವಳ ಹೆರಳು ಸಮುದ್ರ ನೋಡಿ ಬಂದಿತ್ತು. ಹಿಮ ನೋಡಿ ಬಂದಿತ್ತು. ಘಾಟಿನ ತಿರುವಿನಲ್ಲಿ, ಗಾಡಿ ಕೆಟ್ಟು ನಿಂತ ಗೊತ್ತಿಲ್ಲದ ಊರುಗಳಲ್ಲಿ ಅವನ ಗಾಲಿಗಳ ನಡುವೆ ಜೋತಾಡಿಕೊಂಡು ಅವನ ಜೊತೆಗೇ ಇತ್ತು. ತಾನು ಇಲ್ಲಿ ಕೂತು, ಈ ಮನುಷ್ಯನಿಗೆ ಮನೆಯ ನೆನಪಾದರೂ ಆಗುತ್ತದೋ ಇಲ್ಲವೋ ಎಂದು ಬೈದುಕೊಳ್ಳುತ್ತಿದ್ದ ರಾತ್ರಿಗಳೆಲ್ಲ ಅವಳಿಗೆ ನೆನಪಾದವು.

ಗೋಡೆಯಾಚೆ ಮತ್ತೆ ಠಣ್ ಎಂದಿತು.

ಅನ್ನಮ್ಮನ ಮುಖದ ಬಣ್ಣವೇ ಇಳಿದುಹೋಯಿತು. ಅವಳು ಗೋಡೆಯ ಕಡೆ ನೋಡಿದಳು, ತೊಡೆಯ ಮೇಲಿನ ಹೆರಳನ್ನು ನೋಡಿದಳು, ಮತ್ತೆ ಗೋಡೆಯನ್ನು ನೋಡಿದಳು.

"ಮಗಳ, ನಿನ್ನ ಫೋನಿನಾಗ ಇದರ ಫೋಟೋ ಹೊಡಿ. ಟೇಪ್ ಕಾಣೂ ಹಂಗ ಹೊಡಿ."

"ನನ್ನ ಸಂಶೋಧನಾಕ್ಕ ಏನ್ರಿ?"

"ಸುಡ್ಲಿ ನಿನ್ನ ಸಂಶೋಧನಾ. ಒಬ್ಬರಿಗಿ ತೋರಸ್ಬೇಕಾಗ್ಯದ."

ಆದರೆ ಮೊದಲು ತಿಪ್ಪೆಯಲ್ಲಿ ನಿಂತವನನ್ನು ಎತ್ತಬೇಕಿತ್ತು. ಕುಚ್ಚುಗಳನ್ನೂ ಹೆರಳನ್ನೂ ಸೆರಗಿನಲ್ಲಿ ಕಟ್ಟಿಕೊಂಡು, ಮೊಳೆಯಿಂದ ಹೊಸ ಗೊಂಡೆ ಕಿತ್ತುಕೊಂಡು, ಹುಡುಗಿಯನ್ನೂ ಎಳೆದುಕೊಂಡು ಅನ್ನಮ್ಮ ಆಟೋ ಹತ್ತಿದಳು.

ಶೆಡ್ಡಿನ ಮುಂದೆ ಇಳಿದವಳು ಒಂದು ಗಳಿಗೆ ಅಲ್ಲೇ ನಿಂತಳು. ಇಳಿಬಿಸಿಲಿನಲ್ಲಿ ಲಾರಿ ನಿಂತಿತ್ತು. ಹಣೆಯ ಮೇಲೆ ಎರಡು ಹಂಸ, ಅವುಗಳ ನಡುವೆ ಸೂರ್ಯ, ದೀಪಗಳ ಮೇಲೆ ಕಾಡಿಗೆ ತೀಡಿದ ಹುಬ್ಬು. ಪಕ್ಕದ ಹಲಗೆಗಳ ಉದ್ದಕ್ಕೂ ಬಳ್ಳಿ, ಬಳ್ಳಿಯ ತುಂಬ ಗಿಣಿ, ಕೊನೆಯ ಹಲಗೆಯ ಮೇಲೆ ಬುದ್ಧ ಮಲಗಿದಂತೆ ಕಾಣುವ ಊರ ಗುಡ್ಡ. ಹಿಂದೆ ನಿಜವಾದ ಗುಡ್ಡ, ಮುಂದೆ ಅಯ್ಯಣ್ಣ ಬರೆದ ಗುಡ್ಡ. ಕಾರ ಹುಣ್ಣಿಮೆಗೆ ಸಿಂಗರಿಸಿದ ಎತ್ತಿನ ಹಾಗೆ ಅದು ಇನ್ನೇನು ಮೈ ಕೊಡವುತ್ತದೆ ಅನ್ನುವಂತಿತ್ತು. ಕೊರಳು ಮಾತ್ರ ಬರಿದು.

ಶೆಡ್ಡಿನ ಹಿಂದೆ ನೀಲಕಂಠ ಪ್ಯಾಂಟು ಮಡಚಿಕೊಂಡು ಕಸದ ರಾಶಿಯ ನಡುವೆ ಬಗ್ಗಿದ್ದ. ಕೈಯಲ್ಲಿ ಕಬ್ಬಿಣದ ಸರಳು. ಮುಖಕ್ಕೆ ಮಸಿ, ಗಡ್ಡ ಬೆಳೆದಿತ್ತು.

"ಏನ್ರೀ," ಎಂದು ಕರೆದಳು ಅನ್ನಮ್ಮ. ಬೈಯಬೇಕೆಂದು ದಾರಿಯುದ್ದಕ್ಕೂ ಕೂಡಿಸಿಟ್ಟಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. ಸುಮ್ಮನೆ ಸೆರಗು ಬಿಚ್ಚಿ ತೋರಿಸಿದಳು.

ನೀಲಕಂಠ ನೋಡಿದ. ಸರಳು ಕೈಯಿಂದ ಜಾರಿತು. ಎರಡು ಹೆಜ್ಜೆ ಓಡಿ ಬಂದವನು ಕೈ ಚಾಚಿ, ತಟ್ಟನೆ ಹಿಂದಕ್ಕೆ ಎಳೆದುಕೊಂಡ.

"ಕೈ ಹೊಲಸದಾವ," ಎಂದ.

ಶೆಡ್ಡಿನ ನಳಕ್ಕೆ ಹೋಗಿ ಸಾಬೂನು ಹಾಕಿ ಮೊಣಕೈ ತನಕ ತೊಳೆದ. ಮತ್ತೊಮ್ಮೆ ತೊಳೆದ. ಉಗುರುಸಂದಿಯ ಮಸಿಯನ್ನು ಕಡ್ಡಿಯಿಂದ ತೆಗೆದ. ಅಯ್ಯಣ್ಣ ಬಣ್ಣದ ಡಬ್ಬಿ ಹಿಡಿದು ಬಾಯಿ ತೆರೆದು ನೋಡುತ್ತಿದ್ದ. ಆಮೇಲೆ ನೀಲಕಂಠ ಬಂದು ಹೆರಳನ್ನು ಎರಡೂ ಅಂಗೈಯಲ್ಲಿ ತಗೊಂಡ, ನಿದ್ದೆ ಹೋದ ಕೂಸನ್ನು ತಗೊಳ್ಳುವ ಹಾಗೆ.

ಆಗ ಅನ್ನಮ್ಮನಿಗೆ ಬಾಯಿ ಬಂತು.

"ನನ್ನ ಮಾಡದಾಗಿಂದ ಕದ್ದೋರು ನೀವೇನು? ಅಮೃತಕ್ಕಂದು ನಂದು ಜಗಳ ಹತ್ತಿ ಓಣಿಗೆ ಓಣಿನೇ ಕೂಡಿತ್ತು. ಆಕಿ ದೇವರ ಮುಂದ ಆಣಿ ಮಾಡಿದ್ಲು. ನಿಮ್ಮ ಬಾಯಾಗ ಏನು ಬಿದ್ದಿತ್ತ್ರಿ ಆಗ? ಕಲ್ಲೋ, ಮಣ್ಣೋ?"

ನೀಲಕಂಠ ತಲೆ ಎತ್ತಲಿಲ್ಲ. "ನೀ ಬದಕ್ತಿ ಅಂತ ಡಾಕ್ಟರ್ ಹೇಳಿರಲಿಲ್ಲ. ಅವತ್ತ ನನಗ ಲೋಡಿಗಿ ಹೋಗಂದ್ರು. ಕ್ಲೀನರ್ ಇದ್ದೆ, ಇಲ್ಲಂದ್ರ ಕೆಲಸ ಹೋಗ್ತಿತ್ತು. ಏನರ ಒಂದು ನಿಂದು ಜೊತೀಗಿ ಇರಲಿ ಅಂತ ತಗೊಂಡು ಹೋದೆ. ತಿರುಗಿ ಬರೂದ್ರಾಗ ನೀ ಎದ್ದು ಕುಂತಿದ್ದಿ. ಜಗಳ ಆಗಿ ಮುಗದಿತ್ತು. ಹೆಂಡತಿ ಕೂದ್ಲ ಕಟ್ಟಿಕೊಂಡು ತಿರಗ್ತಾನಂದ್ರ ಮಂದಿ ನಗ್ತಿದ್ರು. ಇವತ್ತ ಹೇಳೂಣು, ನಾಳಿ ಹೇಳೂಣು ಅಂತ... ಹೇಳಾಕ ಆಗಲೇ ಇಲ್ಲ ನೋಡು."

"ಅದಿಲ್ದ ಗಾಡಿ ಹೊಡಿಯಾಕ ಬರ್ತಿರಲಿಲ್ಲೇನು?"

"ಒಮ್ಮೆನೂ ಹೊಡದಿಲ್ಲ," ಎಂದ ಅವನು. "ಮೂರು ದಿನದಿಂದ ಕ್ಯಾಬಿನ್ ಹತ್ತಿ ಹತ್ತಿ ಇಳಿಯಾಕತ್ತೀನಿ."

ಮೌನಿಕಾ ದೂರ ನಿಂತಿದ್ದಳು. ಕೇಳಲೋ ಬೇಡವೋ ಎಂದು ಕೊನೆಗೆ ಕೇಳಿಯೇಬಿಟ್ಟಳು. "ಕಾಕಾ, ಗಾಡಿ ಮ್ಯಾಲಿನ ಚಿತ್ರ ಯಾವ್ಯಾವ ಬೇಕಂತ ನೀವು ಹೇಳೀರೇನ್ರಿ?"

"ಆ ಹಂಸ ಸಾವ್ಕಾರನ ಮನಿ ದೇವರ ಪಟದಾಗಿಂದು. ಮ್ಯಾಲೆ ಬರದ ಹೆಸರು ಅವನ ಮೊಮ್ಮಕ್ಕಳದು. ಗಾಡಿ ಮಾರಿದ್ರ ಎಲ್ಲಾ ಹೋಗ್ತದವ್ವಾ, ಮತ್ತ ಹೊಸಾದು ಬರ್ತದ. ನಾ ಎಷ್ಟು ಗಾಡಿ ಇಳದು ಎಷ್ಟು ಗಾಡಿ ಹತ್ತೀನಿ." ಹೆರಳನ್ನು ರೆಕ್ಸಿನ್ನಿನ ಮೇಲೆ ಮಲಗಿಸುತ್ತ ಅವನು ಹೇಳಿದ. "ಇದು ನನ್ನ ಜೊತೀಗಿ ಇಳೀತದ, ನನ್ನ ಜೊತೀಗಿ ಹತ್ತತದ."

ಗಾಡಿಯ ನೆರಳಿನಲ್ಲಿ ಗಂಡಹೆಂಡಿರು ಎದುರುಬದುರು ಕೂತರು. ಅವನು ದಬ್ಬಣದಿಂದ ಹೊಲಿದ, ಅವಳು ಕುಚ್ಚುಗಳನ್ನು ಒಂದೊಂದೇ ವರ್ಷದ ಲೆಕ್ಕಕ್ಕೆ ಸುತ್ತಲೂ ಜೋಡಿಸಿದಳು. "ಗುಲಾಬಿ ಆ ಕಡಿ ಹೋಗ್ತದ, ನಿಮಗೇನು ತಿಳೀತದ" ಎಂದು ಅವನ ಕೈ ಸರಿಸಿದಳು. ಹೊಸ ಗೊಂಡೆ ಬಿಚ್ಚಿ ಎಲ್ಲದರ ಮೇಲೆ ಹೊದಿಸಿ, ತಾನೇ ಜೋಡುಗಂಟು ಹಾಕಿದಳು. ಮೌನಿಕಾ ತನ್ನ ನಂಬರಿನ ಚೀಟಿಯನ್ನು ನೆಲದಿಂದ ಎತ್ತಿಕೊಂಡು ಮಡಚಿ ಚೀಲದೊಳಗೆ ಹಾಕಿಕೊಂಡಳು. ಅದನ್ನು ನೋಡಿ ಅನ್ನಮ್ಮ, "ನಿನಗೊಂದು ಛಲೋದು ಕಟ್ಟಿಕೊಡ್ತೀನಿ ಬಾ, ಉಲ್ಲನ್ನಿಂದು" ಎಂದಳು.

ನೀಲಕಂಠ ಬಂಪರಿನ ಕೆಳಗೆ ಗೊಂಡೆ ಕಟ್ಟಿ, ಎದ್ದು ನಿಂತು, ಕ್ಯಾಬಿನ್ ಹತ್ತಿದ. ಒಂದೇ ಕೀಲಿಗೆ ಇಂಜಿನ್ ಗುಡುಗಿತು. ಬ್ಯಾಟರಿಗೂ ಏನೂ ಆಗಿರಲಿಲ್ಲ, ಬ್ರೇಕಿಗೂ ಏನೂ ಆಗಿರಲಿಲ್ಲ. ಅಯ್ಯಣ್ಣ "ಹೋಗಿ ಬಾ ಮಾವಾ" ಎಂದು ಚೀರಿದ.

"ಬುತ್ತಿಗಿ ಮನೀ ಮುಂದ ನಿಂದ್ರಸ್ರಿ," ಎಂದಳು ಅನ್ನಮ್ಮ. "ಜರಾ ತಡದು ಬರ್ರಿ. ನನಗ ಒಂದು ಕೆಲಸ ಅದ."

ಆಟೋ ಓಣಿಗೆ ಬಂದಾಗ ಅಮೃತಮ್ಮ ತನ್ನ ಕಟ್ಟೆಯ ಮೇಲೆ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದಳು. ಪಕ್ಕದಲ್ಲಿ ಕೊಡ. ಅಲ್ಲಲ್ಲಿ ನೆಗ್ಗಿತ್ತು, ಹೊಳಪು ಮಾತ್ರ ಹೋಗಿರಲಿಲ್ಲ. ಅನ್ನಮ್ಮ ತನ್ನ ಬಾಗಿಲು ದಾಟಿ ಮುಂದೆ ಬಂದಳು. ಅಮೃತಮ್ಮ ಕೈ ನಿಲ್ಲಿಸಿದಳು. ಓಣಿಯ ಆಚೆ ಬದಿಯಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದ ಹೆಂಗಸರೂ ಕೈ ನಿಲ್ಲಿಸಿದರು.

"ಅಕ್ಕಾ," ಎಂದಳು ಅನ್ನಮ್ಮ. ಮೌನಿಕಾಳ ಫೋನು ಇಸಿದುಕೊಂಡು ಅವಳ ಮುಖದ ಮುಂದೆ ಹಿಡಿದಳು. "ನೋಡು."

ಅಮೃತಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ನಿನ್ನ ಹೆರಳು," ಎಂದಳು.

"ಅವರಽ ಒಯ್ದಿದ್ರು. ಗೊಂಡ್ಯಾಗ ಹೊಲದು ಇಟಗೊಂಡಿದ್ರು. ನೀ ಮಾರಿರಲಿಲ್ಲ."

"ನಾ ಮಾರಿಲ್ಲಂತ ನನಗ ಗೊತ್ತಿತ್ತವ್ವಾ," ಎಂದಳು ಅಮೃತಮ್ಮ. "ಇದು ನನ್ನ ಕೂದ್ಲಕ್ಕ ಬಂದ ಕೊಡ. ತವರಾಗ ಇದ್ದಾಗಿಂದ ಕೂಡಿಸಿಟ್ಟಿದ್ದೆ." ಅವಳ ತಲೆಯ ಮೇಲೆ ಈಗ ಸೆರಗು ನಿಲ್ಲುವಷ್ಟೂ ಕೂದಲಿರಲಿಲ್ಲ. ಸಿಟ್ಟೂ ಇರಲಿಲ್ಲ ಮಾತಿನಲ್ಲಿ.

"ಬೈದು ಬಿಡಽ ಯಕ್ಕಾ. ನಾ ಎಷ್ಟು ಅಂದೀನಿ ನಿನಗ. ನೀನೂ ಅಂದುಬಿಡು."

ಅಮೃತಮ್ಮ ಬಾಯಿ ತೆರೆಯುವಷ್ಟರಲ್ಲಿ ತಿರುವಿನಲ್ಲಿ ಲಾರಿಯ ಹಾರನ್ ಕೇಳಿತು. ಅವಳು ದಡಬಡಿಸಿ ಕೊಡಕ್ಕೆ ಕೈ ಹಾಕಿದಳು. ಏಳಲು ಹೋಗಿ, ಮೊಣಕಾಲು ಹಿಡಿದುಕೊಂಡು ಮತ್ತೆ ಕುಸಿದಳು.

"ಮೂರು ದಿನದಿಂದ ತುಂಬಿ ತುಂಬಿ ಇಡಾಕತ್ತೀನಿ, ಗಾಡಿ ಹೊರಡವಲ್ದು. ಇವತ್ತ ಹೊಂಟದ, ಈ ಸುಡಗಾಡು ಕಾಲು ಏಳವಲ್ಲವು."

ಅನ್ನಮ್ಮ ಕೊಡವನ್ನೇ ನೋಡಿದಳು. ಕಂಠದ ತನಕ ನೀರು. ಊರಿಂದ ಹೊರಡುವವರಿಗೆ ತುಂಬಿದ ಕೊಡ ಎದುರಾದರೆ ಒಳ್ಳೆಯದೆಂದು ಸಣ್ಣ ಕೂಸಿಗೂ ಗೊತ್ತು. ಇಷ್ಟು ವರ್ಷ ಅವಳಿಗೆ ಮಾತ್ರ ಗೊತ್ತಾಗಿರಲಿಲ್ಲ.

"ಎಲ್ಲಾ ಸಲಾನೂ ತುಂಬೇ ಇತ್ತೇನಕ್ಕಾ?"

"ಅಯ್ಯ, ಖಾಲಿ ಕೊಡ ಹೊತ್ತು ಯಾರರ ಎದರಿಗಿ ಬರ್ತಾರೇನ? ಆ ಬಾಯಿಲ್ಲದ ಹುಡುಗ ಲೋಡಿಗಿ ಹೊಂಟಿರ್ತಿದ್ದ."

ಅನ್ನಮ್ಮ ಬಗ್ಗಿ ಕೊಡವನ್ನು ಎತ್ತಿ ಟೊಂಕಕ್ಕೇರಿಸಿದಳು. ತಣ್ಣಗಿತ್ತು. ಅಷ್ಟು ಭಾರ ಹೊತ್ತು ಎಷ್ಟೋ ಕಾಲವಾಗಿ, ಒಂದು ಹೆಜ್ಜೆ ತಪ್ಪಿ, ಮತ್ತೆ ಸಾವರಿಸಿಕೊಂಡು ಓಣಿಯ ಬಾಯಿಗೆ ಬಂದಳು. ಹಂಸಗಳನ್ನೂ ಸೂರ್ಯನನ್ನೂ ಹೊತ್ತ ಲಾರಿ ನಿಧಾನಕ್ಕೆ ಬಂದು ಅವಳೆದುರು ನಿಂತಿತು. ಗಾಜಿನ ಹಿಂದೆ ನೀಲಕಂಠ ಹಾರನ್ನಿನ ಮೇಲಿಂದ ಕೈ ತೆಗೆದ.

ಅವಳು ರಸ್ತೆಗೆ ಇಳಿದು ಲಾರಿಯ ಮುಂದೆ ಹಾಯತೊಡಗಿದಳು. ಬಂಪರಿನ ಕೆಳಗೆ ಗೊಂಡೆ ಇಂಜಿನ್ನಿನ ಅದುರಿಗೆ ಸಣ್ಣಗೆ ತೂಗುತ್ತಿತ್ತು. ಕೊಡದ ನೀರು ತುಳುಕಿ ಅವಳ ಸೀರೆ ತೊಯ್ದು ಬಿಸಿ ಡಾಂಬರಿನ ಮೇಲೆ ಹನಿಯಿತು.

"ಸಾವಕಾಶ," ಕಟ್ಟೆಯ ಮೇಲಿಂದ ಅಮೃತಮ್ಮ ಕೂಗಿ ಹೇಳಿದಳು, "ಸಾವಕಾಶ ಹೋಗಽ ಯವ್ವಾ, ಚೆಲ್ಲಬ್ಯಾಡ."